ನೂರರಲ್ಲೊಂದು ಅಳತೆಯ ಪಿಎಸ್‌ಎಲ್‌ವಿ ಮಾದರಿಯನ್ನು ಕಟ್ಟುವ ಬಗೆ

ಇಸ್ರೊದ ಉಪಗ್ರಹ ಉಡಾವಣಾ ರಾಕೆಟ್ಟಾದ ಪಿಎಸ್‌ಎಲ್‌ವಿಯ ಮಾದರಿ ಕಟ್ಟಲು ಹೊರಟವರು ಕತ್ತರಿ, ಅಂಟುಗಳನ್ನು ಕೈಗೆತ್ತಿಕೊಳ್ಳುವ ಮೊದಲು ಯಾವ ಹಾರಾಟದ ರಾಕೆಟ್ಟನ್ನು ಕಟ್ಟಬೇಕೆಂಬುದನ್ನು ನಿರ್ಧರಿಸಿಕೊಳ್ಳಬೇಕು. ಹೆಸರು ಒಂದೇ ಆದರೂ ರೂಪ ಒಂದೇ ಅಲ್ಲ. 2007ರ ಸಿ8 ಹಾರಾಟದಲ್ಲಿ ಮೇಲೇರಲು ನೆರವಾಗುವ ಪಕ್ಕದ ಪುಟ್ಟ ರಾಕೆಟ್ಟುಗಳು, ಅಂದರೆ ಬೂಸ್ಟರುಗಳೇ, ಇರಲಿಲ್ಲ. 2019ರ ಸಿ44ರಲ್ಲಿ ಎರಡು, ಅದೇ ವರ್ಷದ ಸಿ45ರಲ್ಲಿ ನಾಲ್ಕು ಇದ್ದವು. ಚಂದ್ರಯಾನ-1ನ್ನು ಒಯ್ದ ಸಿ11ರಿಂದ ಆರಂಭವಾದ ಎಕ್ಸ್‌ಎಲ್ ರೂಪದಲ್ಲಿ ಉದ್ದನೆಯ ಆರು ಬೂಸ್ಟರುಗಳಿವೆ. 2013ರ ನವೆಂಬರ್ 5ರಂದು ಮಂಗಳಯಾನವನ್ನು ಹೊತ್ತು ಶ್ರೀಹರಿಕೋಟಾದಿಂದ ಏರಿದ ಸಿ25ನ್ನು ನಾನು ಇಲ್ಲಿ ಆರಿಸಿಕೊಂಡಿದ್ದೇನೆ. ಹಲವು ಹಾರಾಟಗಳ ಚಿತ್ರಗಳನ್ನು ಬೆರೆಸಿಕೊಂಡು ಕಟ್ಟಿದರೆ ಎಂದೂ ಹಾರದ ರಾಕೆಟ್ಟೊಂದು ಸಿದ್ಧವಾಗುತ್ತದೆ.

ನೂರರಲ್ಲೊಂದು ಅಳತೆಯಲ್ಲಿ ಲೆಕ್ಕ ಸುಲಭ. ಸುಮಾರು 44 ಮೀಟರ್ ಎತ್ತರದ ರಾಕೆಟ್ಟು 44 ಸೆಂಟಿಮೀಟರಿಗೆ ಇಳಿಯುತ್ತದೆ. ಕೆಳಗಿನ ಎರಡು ಹಂತಗಳ 2.8 ಮೀಟರ್ ವ್ಯಾಸ 28 ಮಿಲಿಮೀಟರ್, ತುದಿಯಲ್ಲಿ ಉಪಗ್ರಹವನ್ನು ಮುಚ್ಚುವ ಶಾಖಕವಚದ 3.2 ಮೀಟರ್ 32 ಮಿಲಿಮೀಟರ್, ಒಂದು ಮೀಟರ್ ವ್ಯಾಸದ ಬೂಸ್ಟರು 10 ಮಿಲಿಮೀಟರ್ ಆಗುತ್ತದೆ. ಈ ಅಳತೆಗೆ ಇನ್ನೂ ಒಂದು ಅನುಕೂಲವಿದೆ: ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ 32 ಮಿಲಿಮೀಟರ್ ಪಿವಿಸಿ ಪೈಪಿನ ಹೊರವ್ಯಾಸ ಶಾಖಕವಚಕ್ಕೆ ನೇರವಾಗಿ ಹೊಂದುತ್ತದೆ.

28 ಮಿಲಿಮೀಟರ್ ಪೈಪು ಮಾತ್ರ ಸಿಗುವುದಿಲ್ಲವಾದ್ದರಿಂದ 25 ಮಿಲಿಮೀಟರ್ ಪೈಪಿನ ಮೇಲೆ ಕಾರ್ಡ್‌ಶೀಟನ್ನು ಸುತ್ತಬೇಕು. ಸುಮಾರು 0.3 ಮಿಲಿಮೀಟರ್ ದಪ್ಪದ ಹಾಳೆಯಾದರೆ ಐದು ಸುತ್ತು ಸಾಕು. ಹಾಳೆಯನ್ನು ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ ನೋಡಿ, ಸಲೀಸಾಗಿ ಬಾಗುವ ದಿಕ್ಕಿನಲ್ಲೇ ಸುತ್ತಿರಿ. ಇಲ್ಲದಿದ್ದರೆ ಮೈಮೇಲೆ ಉದ್ದುದ್ದ ಮಡಿಕೆಗಳು ಮೂಡುತ್ತವೆ, ಅವು ಬಣ್ಣದ ಕೆಳಗೂ ಅಡಗುವುದಿಲ್ಲ. ಫೆವಿಕಾಲನ್ನು ತೆಳ್ಳಗೆ ಸವರಿ, ಪ್ರತಿ ಸುತ್ತಿಗೂ ವರ್ನಿಯರ್ ಕ್ಯಾಲಿಪರಿನಿಂದ ಅಳೆಯುತ್ತ ಹೋಗುವುದು ಒಳ್ಳೆಯದು. ಕೊನೆಯ ಅಂಚಿನ ಮೆಟ್ಟಿಲನ್ನು ಪುಟ್ಟಿ ತುಂಬಿ ಉಪ್ಪುಕಾಗದದಿಂದ ಉಜ್ಜಬೇಕು. ಆ ಅಂಚು ಒಂದು ಬೂಸ್ಟರಿನ ಹಿಂದೆ ಮರೆಯಾಗುವಂತೆ ತಿರುಗಿಸಿಕೊಂಡರೆ ಅರ್ಧ ಕೆಲಸ ಉಳಿಯುತ್ತದೆ.

ಶಾಖಕವಚದ ತುದಿಯನ್ನು ಕಾಗದದಲ್ಲಿ ಮಾಡುವ ಹಟ ಬೇಡ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆಮರದ ತುಂಡನ್ನು ಲೇತಿನಲ್ಲಿ ಕಡೆಸಿಕೊಂಡರೆ ನುಣುಪಾದ ತುದಿ ದೊರೆಯುತ್ತದೆ. ಬೂಸ್ಟರುಗಳಿಗೆ 10 ಮಿಲಿಮೀಟರಿನ ಮರದ ಕಡ್ಡಿ, ಸುಮಾರು 12 ಸೆಂಟಿಮೀಟರ್ ಉದ್ದದ್ದು, ಸಾಕು.

ಹೆಚ್ಚಿನವರು ಎಡವುವುದು ಬೂಸ್ಟರುಗಳ ಜೋಡಣೆಯಲ್ಲಿ. ವೃತ್ತವನ್ನು 60 ಡಿಗ್ರಿಯ ಆರು ಪಾಲುಗಳಾಗಿ ಹಂಚಿ ಅಂಟಿಸಿಬಿಡುತ್ತಾರೆ. ಆದರೆ ಮೊದಲ ಹಂತದ ಪಕ್ಕದಲ್ಲಿ ಸ್ಟ್ರಾಂಷಿಯಂ ಪರ್ಕ್ಲೋರೇಟ್ ದ್ರಾವಣವನ್ನು ತುಂಬಿದ ಎರಡು ಕೊಳವೆಯಾಕಾರದ ತೊಟ್ಟಿಗಳೂ ಇವೆ. ಈ ದ್ರಾವಣವನ್ನು ಬೆಂಕಿ ಹೊರಬರುವ ನಳಿಕೆಯೊಳಗೆ ಚಿಮ್ಮಿಸಿಯೇ ರಾಕೆಟ್ಟಿನ ದಿಕ್ಕನ್ನು ತಿದ್ದುತ್ತಾರೆ. ಆ ತೊಟ್ಟಿಗಳಿಗೂ ಜಾಗ ಬೇಕು; ಅವನ್ನು ಬಿಟ್ಟ ಮಾದರಿ ನನ್ನ ಕಣ್ಣಿಗೆ ಅಪೂರ್ಣವೇ. ಆದ್ದರಿಂದ ಸ್ಥಾನಗಳನ್ನು ಊಹಿಸದೆ, ಇಸ್ರೊದ ಚಿತ್ರಗಳಲ್ಲಿ ರಾಕೆಟ್ಟಿನ ಬುಡವನ್ನು ನೋಡಿ ಗುರುತು ಹಾಕಿಕೊಳ್ಳಬೇಕು. ಇನ್ನೊಂದೆಡೆ, ಐದು ಮಿಲಿಮೀಟರಿನ ತಿರುಪು ಈ ಅಳತೆಯಲ್ಲಿ 0.05 ಮಿಲಿಮೀಟರ್ ಆಗುತ್ತದೆ. ಅಂಥವನ್ನು ಕೈಬಿಡುವುದೇ ಸರಿ.

ಬಿಡಿಭಾಗಗಳಿಗೆ ಪ್ರತ್ಯೇಕವಾಗಿ ಪ್ರೈಮರ್ ಹಾಗೂ ಬಣ್ಣ ಹಾಕಿ ಆಮೇಲೆ ಜೋಡಿಸಬೇಕು, ಏಕೆಂದರೆ ಬೂಸ್ಟರುಗಳ ಸಂದಿಗೆ ಸ್ಪ್ರೇ ಸರಿಯಾಗಿ ತಲುಪುವುದಿಲ್ಲ. ಅಂಟು ತಗಲುವ ಜಾಗಗಳನ್ನು ಮಾಸ್ಕಿಂಗ್ ಟೇಪಿನಿಂದ ಮುಚ್ಚಿಡಿ. ಮಳೆ ಹಿಡಿದ ದಿನಗಳಲ್ಲಿ ಸ್ಪ್ರೇ ಹೊಡೆದರೆ ಗಾಳಿಯ ತೇವಕ್ಕೆ ಬಣ್ಣದ ಹೊಳಪು ಮಂಕಾಗುತ್ತದೆ. ಬಿಸಿಲು ಬರುವವರೆಗೆ ಕಾಯಬೇಕು. ಧ್ವಜವನ್ನು ಪಾರದರ್ಶಕ ಡಿಕ್ಯಾಲ್ (ಮೈಗೆ ಅಂಟಿಸುವ ಚಿತ್ರದ) ಹಾಳೆಯಲ್ಲಿ ಮುದ್ರಿಸಿದಾಗ ಮುದ್ರಣಯಂತ್ರದಲ್ಲಿ ಬಿಳಿ ಶಾಯಿ ಇಲ್ಲದಿರುವುದು ಇಲ್ಲಿ ತೊಡಕಾಗದು, ಕವಚದ ಬಿಳಿಯೇ ನಡುವಿನ ಪಟ್ಟೆಯಾಗುತ್ತದೆ.

ನಳಿಕೆಯನ್ನು ಅಂಟಿಸುವ ಮೊದಲೇ ಒಳಗಿನ ಪೈಪಿಗೆ ಒಂದು ಉಕ್ಕಿನ ಸರಳನ್ನು ಕೂರಿಸಿ, ಅದರ ಕೆಳತುದಿಯನ್ನು ಭಾರವಾದ ಮರದ ಪೀಠಕ್ಕೆ ಬಿಗಿದುಕೊಳ್ಳಬೇಕು. ಆಮೇಲೆ ಅದಕ್ಕೆ ದಾರಿಯೇ ಇರುವುದಿಲ್ಲ.