ಎರೆ ನೆಲದಲ್ಲಿ ಕಟ್ಟಿಗೆಯ ಬೇಲಿ: ನನ್ನ ಅನುಭವ

ಕಲಬುರಗಿಯಲ್ಲಿ ಸೇಡಂ ರಸ್ತೆಯ ಕಡೆಗಿರುವ ನಮ್ಮ ಮನೆಯ ಮುಂದೆ ನಲವತ್ತು ಅಡಿ ಉದ್ದದ ಕಟ್ಟಿಗೆಯ ಬೇಲಿಯನ್ನು ನಾನು ಎರಡು ಸಲ ಹಾಕಿದ್ದೇನೆ. ಮೊದಲನೆಯದು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ರಸ್ತೆಯ ಕಡೆಗೆ ವಾಲಿತು. ಗೇಟಿನ ಪಕ್ಕದ ಕಂಬವಂತೂ ಮೂರು ಬೆರಳಿನಷ್ಟು ಮೇಲೆದ್ದು ಬಂದು ಚಿಲಕ ಹಾಕಲು ಬಾರದಂತಾಯಿತು. ಬಣ್ಣ ಯಾವುದಿರಬೇಕೆಂದು ತಿಂಗಳುಗಟ್ಟಲೆ ಯೋಚಿಸಿದ್ದ ನಾನು ಗುಂಡಿ ತೋಡುವ ಕೆಲಸವನ್ನು ಒಂದೇ ದಿನದಲ್ಲಿ ಮುಗಿಸಿಬಿಟ್ಟಿದ್ದೆ.

ನಮ್ಮ ಭಾಗದಲ್ಲಿ ಶಹಾಬಾದಿನ ಫರ್ಸಿಯನ್ನು, ಅಂದರೆ ಕಲ್ಲಿನ ಚಪ್ಪಡಿಯನ್ನು, ಸಾಲಾಗಿ ನೆಟ್ಟು ಬೇಲಿ ಮಾಡುವ ರೂಢಿಯಿದೆ. ಅದಕ್ಕೆ ಬಣ್ಣವೂ ಬೇಡ, ಗೆದ್ದಲಿನ ಭಯವೂ ಇಲ್ಲ. ಹಿತ್ತಲಿಗೆ ನಾನೂ ಅದನ್ನೇ ಹಾಕಿಸಿದ್ದೇನೆ. ಮುಂಭಾಗದಲ್ಲಿ ಮಾತ್ರ ಗಾಳಿಯಾಡಲೆಂದು ಕಟ್ಟಿಗೆಯನ್ನು ಆರಿಸಿಕೊಂಡೆ.

ಹಳೆಯ ಕಂಬಗಳನ್ನು ಕೀಳಿಸಿದ ದಿನ ಹಿರಿಯ ಗೌಂಡಿಯೊಬ್ಬರು ಕಾಂಕ್ರೀಟಿನ ಗಡ್ಡೆಯನ್ನು ಹೊರಳಿಸಿ ತೋರಿಸಿದರು. ಅದು ತಳದಲ್ಲಿ ಸಣ್ಣದಾಗಿ, ಮೇಲೆ ಅಣಬೆಯಂತೆ ಅಗಲವಾಗಿತ್ತು. "ಸರ್ರ, ಎರಿ ನೆಲ ಮಳಿಗಾಲದಾಗ ಉಬ್ಬತದ, ಬ್ಯಾಸಗ್ಯಾಗ ಬಿರೀತದ. ಈ ಅಂಚಿಗೆ ಕೈ ಕೊಟ್ಟು ಅದೇ ಎತ್ಯದ ನೋಡ್ರಿ" ಎಂದರು. ನೀರು ಕುಡಿದ ಕರಿ ಮಣ್ಣು ಉಬ್ಬುವಾಗ ಆ ಅಗಲವಾದ ಅಂಚನ್ನು ಕೆಳಗಿನಿಂದ ತಳ್ಳಿತ್ತು. ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಕಂಬಕ್ಕೆ ಪಕ್ಕದ ಆಸರೆಯೂ ತಪ್ಪಿತ್ತು. ಇಂಥ ನೆಲದ ಕಟ್ಟಡಗಳಿಗಾಗಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ರೂಪಿಸಿದ, ತಳದಲ್ಲಿ ಗಂಟೆಯಂತೆ ಅಗಲವಾಗುವ ಅಡಿಪಾಯದ ಕಂಬಗಳ ಹಿಂದಿರುವುದೂ ಇದೇ ತಿಳಿವಳಿಕೆ.

ಎರಡನೆಯ ಸಲ ಗುಂಡಿಗಳನ್ನು ನಾಲ್ಕು ಅಡಿ ಆಳಕ್ಕೆ, ಮೇಲೆ ಹತ್ತು ಇಂಚು ಮಾತ್ರ ಅಗಲವಿರುವಂತೆ ತೋಡಿ, ತಳವನ್ನು ಹಾರೆಯಿಂದ ಇನ್ನಷ್ಟು ಕೆತ್ತಿ ಅಗಲಿಸಿದೆವು. ಒಂದು ಪಾಲು ಸಿಮೆಂಟು, ಎರಡು ಪಾಲು ಉಸುಕು, ನಾಲ್ಕು ಪಾಲು ಖಡಿ ಕಲಸಿ ತುಂಬಿ, ಕಂಬದ ಬುಡದಲ್ಲಿ ನೀರು ನಿಲ್ಲದಂತೆ ಮೇಲ್ಮೈಯನ್ನು ಇಳಿಜಾರಾಗಿ ತೀಡಿದೆವು. ಕಂಬದ ಸುತ್ತ ಮೇಲಿನ ಒಂದು ಅಡಿ ಎರೆ ಮಣ್ಣನ್ನು ತೆಗೆದು ಗರಸು, ಅಂದರೆ ಕಲ್ಲುಚೂರು ಬೆರೆತ ಮಣ್ಣು, ತುಂಬಿದೆವು; ಗರಸು ಎರೆಯಂತೆ ಉಬ್ಬುವುದಿಲ್ಲ. ಮಾಳಿಗೆಯ ನೀರು ಬೇಲಿಯ ಬುಡಕ್ಕೆ ಬೀಳುತ್ತಿದ್ದುದನ್ನು ಪೈಪಿನಿಂದ ಬೇರೆಡೆಗೆ ತಿರುಗಿಸಿದ್ದು ಇವೆಲ್ಲಕ್ಕಿಂತ ಹೆಚ್ಚು ಉಪಯೋಗವಾಯಿತೆಂದು ನನ್ನ ನಂಬಿಕೆ.

ಕಂಬಗಳು ಸತುವಿನ ಲೇಪವಿರುವ ಜಿಐ ಪೈಪಿನವು. ಸತುವಿನ ಮೇಲೆ ನೇರವಾಗಿ ಎಣ್ಣೆಯ ಎನಾಮಲ್ ಬಳಿದರೆ ಎರಡರ ನಡುವೆ ಸಾಬೂನಿನಂಥ ಪದರ ಹುಟ್ಟಿ ಬಣ್ಣ ಹಪ್ಪಳದಂತೆ ಏಳುತ್ತದೆ. ಆದ್ದರಿಂದ ಪೈಪನ್ನು ತೊಳೆದು, ಉಜ್ಜಿ, ಜಿಐಗೆಂದೇ ಸಿಗುವ ಪ್ರೈಮರ್ ಹಚ್ಚಿದ ನಂತರವೇ ಬಣ್ಣ ಬಳಿದೆ.

ಹಲಗೆಗಳನ್ನು ಹಳೆಯ ಮನೆಯೊಂದರ ಸಾಗವಾನಿ ತೊಲೆಗಳಿಂದ ಸೀಳಿಸಿದೆ. ನೆಲದಿಂದ ಮೂರು ಇಂಚು ಮೇಲೆ ನಿಲ್ಲಿಸಿ, ನಡುವೆ ಸಂದು ಬಿಟ್ಟು, ತೂತು ಕೊರೆದು ಸ್ಟೀಲ್ ಸ್ಕ್ರೂ ಹಾಕಿದೆ. ಮೊದಲ ಬೇಲಿಗೆ ಬಳಿದಿದ್ದ ಬಣ್ಣ ಕಟ್ಟಿಗೆಯ ಮೇಲೆ ಪೊರೆಯಾಗಿ ಕೂತಿತ್ತು. ಬಿಸಿಲಿಗೆ ಆ ಪೊರೆ ಸೀಳಿ, ಒಳಹೊಕ್ಕ ನೀರು ಹೊರಬರಲಾಗದೆ ಅದನ್ನು ಎಬ್ಬಿಸಿತ್ತು. ಈ ಸಲ ಅದರ ಬದಲು ಸ್ಟೇನ್ ಎಂಬ ಕಟ್ಟಿಗೆಯ ತೆಳು ಲೇಪವನ್ನು ಆರಿಸಿಕೊಂಡೆ. ಅದು ಹಾಗೆ ಪೊರೆಯಾಗಿ ಕೂರದೆ ಕಟ್ಟಿಗೆಯ ನಾರಿನೊಳಗೆ ಇಳಿಯುತ್ತದೆ. ಬಣ್ಣವಿಲ್ಲದ ಪಾರದರ್ಶಕ ಸ್ಟೇನ್ ನಮ್ಮ ಬಿಸಿಲನ್ನು ತಡೆಯಲಾರದು, ಕಂದು ಬಣ್ಣದ್ದನ್ನೇ ಕೊಳ್ಳಬೇಕು.

ದೀಪಾವಳಿ ಕಳೆದು ಮಳೆಯ ಪಸೆ ಆರಿದ ಮೇಲೆ ಕೆಲಸ ಹಿಡಿದೆ. ಹಲಗೆಯ ಮೇಲೆ ನಾಲ್ಕು ಹನಿ ನೀರು ಚೆಲ್ಲಿ, ಅದು ಕೂಡಲೇ ಇಂಗಿದರೆ ಮಾತ್ರ ಸ್ಟೇನ್ ಹಚ್ಚುತ್ತಿದ್ದೆ. ನೆರಳಿರುವ ಕಡೆಯೇ ಬಳಿಯುತ್ತ ಹೋದೆ, ಏಕೆಂದರೆ ಬಿಸಿಲಿನಲ್ಲಿ ಬ್ರಷ್ಷಿನ ಗೆರೆಗಳು ಹಾಗೆಯೇ ಒಣಗಿ ಉಳಿಯುತ್ತವೆ. ಹಲಗೆಯ ತುದಿಗಳು ನೀರನ್ನು ಹೆಚ್ಚು ಹೀರುವುದರಿಂದ ಅಲ್ಲಿಗೆ ಮೂರು ಸಲ ಹಚ್ಚಿದೆ. ಎಣ್ಣೆಯ ಸ್ಟೇನ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬಾರದು. ಅವು ಒಣಗುವಾಗ ತಾವಾಗಿಯೇ ಕಾದು ಹೊತ್ತಿಕೊಳ್ಳಬಲ್ಲವು. ನಾನು ಅವನ್ನು ಫರ್ಸಿಯ ಮೇಲೆ ಒಂದೊಂದಾಗಿ ಹರವಿ ಒಣಗಿಸಿದೆ.

ಮೂರು ಮಳೆಗಾಲಗಳಾದ ಮೇಲೆ ತೂಗುಗುಂಡು ಹಿಡಿದು ನೋಡಿದಾಗ ಕಂಬಗಳು ನೆಟ್ಟಗೇ ಇದ್ದವು. ಪಶ್ಚಿಮದ ಹಲಗೆಗಳು ಮಾಸಿದ್ದವು. ಕೆರೆಯುವ ಗೋಜಿಲ್ಲದೆ, ತೊಳೆದು ಒಣಗಿಸಿ, ಅವುಗಳಿಗೆ ಇನ್ನೊಂದು ಕೈ ಸ್ಟೇನ್ ಹಚ್ಚಿದೆ.