ಮನೆಗೆ ಆರೈಕೆಯವರು ಬಂದಾಗ ಮೊದಲ ವಾರ ಮಾಡಬೇಕಾದ್ದು

ಲಕ್ವ ಹೊಡೆದು ಹಾಸಿಗೆ ಹಿಡಿದವರನ್ನು, ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳಲು ಏಜೆನ್ಸಿಯಿಂದ ಜನ ಕರೆಸುವುದು ಈಗ ಕೋಲಾರದ ಮನೆಗಳಲ್ಲೂ ಮಾಮೂಲಾಗಿದೆ. ಮಕ್ಕಳು ಬೆಂಗಳೂರಿನಲ್ಲೋ ನರಸಾಪುರದ ಕಾರ್ಖಾನೆಯಲ್ಲೋ ಕೆಲಸದಲ್ಲಿರುತ್ತಾರೆ. ಭಾನುವಾರ ಊರಿಗೆ ಬಂದು, ಆರೈಕೆಯವರ ಕೈಗೆ ಮಾತ್ರೆ ಡಬ್ಬಿ, ಡಾಕ್ಟರ ಚೀಟಿ ಕೊಟ್ಟು, ಸೋಮವಾರ ಬೆಳಗ್ಗೆ ಬಸ್ಸು ಹತ್ತುತ್ತಾರೆ. ಕೆಲಸ ಕೆಡುವುದು ಅಲ್ಲಿಯೇ. ಬಂದವರಿಗೆ ಮಾತ್ರೆಯ ಹೊತ್ತು ಗೊತ್ತಾಯಿತು. ಮುದ್ದೆ ಬಿಟ್ಟು ಬೇರೇನೂ ಊಟ ಅನ್ನಿಸದ ಮನುಷ್ಯನಿಗೆ ಏನು ಕೊಡಬೇಕು, ಅವರನ್ನು ಏನೆಂದು ಕರೆಯಬೇಕು, ಸೀರೆ ಬದಲಿಸುವಾಗ ಅವರು ಯಾಕೆ ಕೈ ಕೊಡವುತ್ತಾರೆ, ಇದು ಯಾವುದೂ ಗೊತ್ತಾಗಲಿಲ್ಲ. ತಿಂಗಳೊಳಗೆ ‘ಅವರು ಸರಿಯಾಗಿ ತಿನ್ನಲ್ಲ, ಹಟ ಮಾಡ್ತಾರೆ’ ಎಂದು ಆರೈಕೆಯವರು, ‘ಇವಳು ಸರಿಯಿಲ್ಲ’ ಎಂದು ಮನೆಯವರು ಹೇಳಿಕೊಂಡು ಓಡಾಡುವುದನ್ನು ಮನೆಯಿಂದ ಮನೆಗೆ ನೋಡುತ್ತಾ ಬಂದಿದ್ದೇನೆ.

ಹಾಗಾಗಿ ಮೊದಲ ವಾರ ಮನೆಯವರೊಬ್ಬರು ರಜೆ ಹಾಕಿ ಜೊತೆಗಿರಲೇಬೇಕು. ಇದಕ್ಕೆ ಅಡ್ಡದಾರಿ ಇಲ್ಲ. ವಿಡಿಯೊ ಕಾಲ್‌ನಲ್ಲಿ ಹೇಳಿಕೊಡುತ್ತೇವೆ ಎನ್ನುವವರಿದ್ದಾರೆ. ಫೋನಿನಲ್ಲಿ ಮುಖ ಕಾಣುತ್ತದೆ, ನುಂಗಿದರೋ ಇಲ್ಲವೋ ಕಾಣುವುದಿಲ್ಲ.

1. ಕರೆಸುವ ಮೊದಲು

ಬರುವವರು ನರ್ಸೋ ಅಟೆಂಡರೋ ಎಂದು ಕೇಳಿ. ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿದವರು ಮಾಡುವ ಕೆಲಸವನ್ನು, ಅಂದರೆ ಮೂತ್ರದ ನಳಿಗೆ ಬದಲಿಸುವುದು, ಇಂಜೆಕ್ಷನ್ ಕೊಡುವುದು, ಇಂಥವನ್ನು ತರಬೇತಿಯಿಲ್ಲದ ಅಟೆಂಡರ್ ಕೈಲಿ ಮಾಡಿಸಬೇಡಿ. ಪೊಲೀಸ್ ಪರಿಶೀಲನೆಯನ್ನು ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ ಮಾಡಿಸಬಹುದು. ಹೆಂಗಸರಿಗೆ ಹೆಂಗಸರೇ, ಗಂಡಸರಿಗೆ ಆದಷ್ಟೂ ಗಂಡಸರೇ ಬರಲಿ. ‘24 ಗಂಟೆ ಒಬ್ಬರೇ ಇರುತ್ತಾರೆ’ ಎಂದರೆ ನಂಬಬೇಡಿ. ರಾತ್ರಿಯೆಲ್ಲ ಎದ್ದು ಮಗ್ಗುಲು ಬದಲಿಸಿದವರು ಹಗಲೂ ಎಚ್ಚರವಿರಲು ಆಗುವುದಿಲ್ಲ. ರಾತ್ರಿಯ ಒಂದೆರಡು ಪಾಳಿ ಮನೆಯವರು ಹೊರಬೇಕು, ಇಲ್ಲವೇ ಇಬ್ಬರನ್ನು ಇಟ್ಟುಕೊಳ್ಳಬೇಕು.

2. ಒಂದು ಹಾಳೆ ಬರೆಯಿರಿ

ಡಾಕ್ಟರ ಚೀಟಿಯ ಪಕ್ಕದಲ್ಲಿ ಇನ್ನೊಂದು ಹಾಳೆ ಇರಬೇಕು. ಅದರಲ್ಲಿ ಕಾಯಿಲೆಯ ಸುದ್ದಿ ಬೇಡ, ಮನುಷ್ಯನ ಸುದ್ದಿ ಇರಲಿ.

ಮೊದಲ ಸಾಲು: ಏನೆಂದು ಕರೆಯಬೇಕು. ಏಜೆನ್ಸಿಯವರು ಎಲ್ಲರನ್ನೂ ‘ಅಜ್ಜಿ’, ‘ತಾತ’ ಎನ್ನಲು ಹೇಳಿಕೊಟ್ಟಿರುತ್ತಾರೆ. ಊರಿಗೆಲ್ಲ ಮೇಷ್ಟ್ರಾಗಿದ್ದವರಿಗೆ ‘ತಾತ, ಬಾಯಿ ತೆಗಿ’ ಅಂದರೆ ಅವರು ಬಾಯಿ ಬಿಗಿಹಿಡಿಯುತ್ತಾರೆ. ‘ಮೇಷ್ಟ್ರೇ, ಊಟ ಮಾಡೋಣ್ವಾ’ ಎಂದರೆ ಅದೇ ಬಾಯಿ ತೆರೆಯುತ್ತದೆ. ಬೇರೆ ರಾಜ್ಯದಿಂದ ಬಂದ ಹುಡುಗಿಯರಿಗೆ ಕನ್ನಡದ ಬಹುವಚನ ಗೊತ್ತಿರುವುದಿಲ್ಲ. ‘ಬನ್ನಿ, ಕೂತ್ಕೊಳ್ಳಿ, ಊಟ ಮಾಡಿ, ನೋವಿದೆಯಾ’ ಎಂಬ ನಾಲ್ಕು ಮಾತನ್ನು ಮೊದಲ ದಿನವೇ ಬಾಯಿಪಾಠ ಮಾಡಿಸಿ.

ಎರಡನೆಯದು ಭಾಷೆ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆ ಎಷ್ಟೋ ಮನೆಗಳಲ್ಲಿ ಹೊರಗೆ ಕನ್ನಡ, ಒಲೆ ಮುಂದೆ ತೆಲುಗು. ಕೆಜಿಎಫ್‌ನಲ್ಲಿ ತಮಿಳು, ಪೇಟೆಯ ಎಷ್ಟೋ ಬೀದಿಗಳಲ್ಲಿ ಉರ್ದು. ಮರೆವಿನ ಕಾಯಿಲೆ ಜಾಸ್ತಿಯಾದಂತೆ ಆಮೇಲೆ ಕಲಿತ ಭಾಷೆ ಮೊದಲು ಹೋಗಿ, ಹುಟ್ಟಿನ ಭಾಷೆ ಉಳಿಯುವುದುಂಟು. ಬೆಳಗಿನಿಂದ ‘ನೀಳ್ಳು, ನೀಳ್ಳು’ ಎನ್ನುತ್ತಿದ್ದ ಒಬ್ಬ ತಾಯಿಯನ್ನು, ಏನೋ ಬಡಬಡಿಸುತ್ತಿದ್ದಾರೆ ಎಂದು ಆರೈಕೆಯವಳು ಸುಮ್ಮನೆ ಬಿಟ್ಟಿದ್ದಳು. ಆಕೆ ಕೇಳುತ್ತಿದ್ದುದು ನೀರು. ನೀರು, ಹಸಿವು, ನೋವು, ಚಳಿ, ಒಂದಕ್ಕೆ, ಎರಡಕ್ಕೆ, ಸಾಕು, ಬೇಡ, ಭಯ: ಇಷ್ಟನ್ನು ಮನೆಮಾತಿನಲ್ಲಿ, ಆರೈಕೆಯವರು ಓದಬಲ್ಲ ಲಿಪಿಯಲ್ಲಿ ಬರೆಯಿರಿ. ಓದಲು ಬಾರದಿದ್ದರೆ ವಾಯ್ಸ್ ಮೆಸೇಜ್ ಮಾಡಿ ಅವರ ಫೋನಿಗೆ ಹಾಕಿ.

ಉಳಿದವು: ಏಳುವ ಹೊತ್ತು, ಕಾಫಿಯೋ ಟೀಯೋ, ಮಾಂಸ ತಿನ್ನುವ ತಿನ್ನದ ವಾರ, ಸ್ನಾನ ಬೆಳಗ್ಗೆಯೋ ಸಂಜೆಯೋ, ಯಾವ ದೇವರ ಫೋಟೊ ಕಣ್ಣಿಗೆ ಬೀಳಬೇಕು, ಯಾರ ಹೆಸರು ಎತ್ತಿದರೆ ಅಳುತ್ತಾರೆ. ಒಂದೇ ಪುಟದಲ್ಲಿ ಮುಗಿಸಿ, ಬೀರುವಿನ ಬಾಗಿಲ ಒಳಮೈಗೆ ಅಂಟಿಸಿ. ಬಂದುಹೋಗುವವರೆಲ್ಲ ಓದುವ ಹಾಗೆ ಗೋಡೆಗೆ ಹಚ್ಚಬೇಡಿ.

3. ಊಟ

ಜನ ಅತಿ ಹೆಚ್ಚು ಎಡವುವುದು ಇಲ್ಲಿ. ಹಾಗಾಗಿ ನಿಧಾನವಾಗಿ ಓದಿ.

ನಮ್ಮ ಸೀಮೆಯ ಊಟ ಮುದ್ದೆ. ಮುದ್ದೆಯನ್ನು ಅಗಿಯುವುದಿಲ್ಲ, ಮುರಿದು ಸಾರಿಗೆ ಅದ್ದಿ ನುಂಗುತ್ತೇವೆ. ಗಟ್ಟಿ ಗಂಟಲಿನವರಿಗೆ ಅದು ಸಲೀಸು. ಲಕ್ವ ಹೊಡೆದ ಮೇಲೆ ಗಂಟಲಿನ ಸ್ನಾಯುಗಳೂ ಬಲ ಕಳೆದುಕೊಂಡಿರಬಹುದು. ಆಗ ಆ ನುಣುಪಾದ ತುತ್ತು ಅನ್ನನಾಳಕ್ಕೆ ಹೋಗುವ ಬದಲು ಉಸಿರಿನ ದಾರಿಗೆ ಅಡ್ಡ ಕೂರಬಹುದು. ಮನೆಯವರು ಪ್ರೀತಿಗೆ ‘ಅಪ್ಪಂಗೆ ಮುದ್ದೆ ಇಲ್ದಿದ್ರೆ ಆಗಲ್ಲ’ ಎಂದು ಮೊದಲ ದಿನವೇ ತಿನ್ನಿಸುತ್ತಾರೆ. ಇನ್ನೊಂದು ಕಡೆ, ಮುದ್ದೆ ಕಂಡೇ ಇಲ್ಲದ ಆರೈಕೆಯವರು ಮೂರು ಹೊತ್ತೂ ಬ್ರೆಡ್ಡು, ಹಾಲು, ಬಿಸ್ಕತ್ತು ಕೊಟ್ಟು ಮನುಷ್ಯನನ್ನು ಒಣಗಿಸುತ್ತಾರೆ. ಎರಡೂ ತಪ್ಪು.

ಆಸ್ಪತ್ರೆಯಿಂದ ಬಿಡುಗಡೆ ಮಾಡಿಸಿಕೊಳ್ಳುವಾಗಲೇ ‘ನುಂಗುವ ಪರೀಕ್ಷೆ ಆಗಿದೆಯಾ’ ಎಂದು ಕೇಳಿ. ಸ್ಪೀಚ್ ಥೆರಪಿಸ್ಟ್ ಮಾಡುವ ಪರೀಕ್ಷೆ ಅದು. ಮನೆಯಲ್ಲಿ ಈ ಗುರುತುಗಳನ್ನು ನೋಡಿ: ನೀರು ಕುಡಿದಾಗ ಕೆಮ್ಮು, ನುಂಗಿದ ಮೇಲೆ ದನಿ ನೀರು ತುಂಬಿದಂತೆ ಗೊರಗೊರ ಎನ್ನುವುದು, ಬಲವಿಲ್ಲದ ಕೆನ್ನೆಯೊಳಗೆ ಅನ್ನ ಉಳಿಯುವುದು, ಕಾರಣ ತಿಳಿಯದೆ ಮತ್ತೆ ಮತ್ತೆ ಜ್ವರ. ಇವುಗಳಲ್ಲಿ ಒಂದು ಕಂಡರೂ ಬಾಯಿಂದ ಕೊಡುವುದನ್ನು ನಿಲ್ಲಿಸಿ ಡಾಕ್ಟರಿಗೆ ಹೇಳಿ. ತೆಳ್ಳಗಿದ್ದರೆ ಸುಲಭವಾಗಿ ಇಳಿಯುತ್ತದೆ ಎಂಬುದು ದೊಡ್ಡ ತಪ್ಪು ತಿಳಿವಳಿಕೆ. ಬರೀ ನೀರೇ ಎಲ್ಲಕ್ಕಿಂತ ಬೇಗ ದಾರಿ ತಪ್ಪುತ್ತದೆ. ತಿಳಿಸಾರು ಹಾಕಿದ ಅನ್ನ ಇನ್ನೂ ಕೆಟ್ಟದ್ದು. ಸಾರು ಮುಂದೆ ಓಡುತ್ತದೆ, ಅಗುಳು ಹಿಂದೆ ಉಳಿಯುತ್ತದೆ.

ಮೆತ್ತಗಿನ ಊಟ ಕೊಡಬಹುದು ಎಂದು ಡಾಕ್ಟರು ಒಪ್ಪಿದ ಮೇಲೆ ಹೀಗೆ ಮಾಡಿ. ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ನೀರಿಗೆ ಬಿಟ್ಟು, ಹಸಿವಾಸನೆ ಹೋಗುವವರೆಗೆ ತಿರುವಿ. ಚಮಚ ಓರೆ ಮಾಡಿದರೆ ಸುರಿಯಬಾರದು, ತುಂಡಾಗಿ ಜಾರಬೇಕು. ಅದಕ್ಕೆ ಮಸ್ಸೊಪ್ಪನ್ನು ಚೆನ್ನಾಗಿ ಮಸೆದು ಬೆರೆಸಿ. ಒಗ್ಗರಣೆಯ ಸಾಸಿವೆ, ಕರಿಬೇವು, ಸೊಪ್ಪಿನ ನಾರು ಬಾಯಿಗೆ ಬರದಂತೆ ಸೋಸಿಬಿಡಿ. ಬಸ್ಸಾರಾದರೆ ಕಾಳನ್ನು ರುಬ್ಬಿಯೇ ಹಾಕಬೇಕು. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಬಲು ಒಳ್ಳೆಯದು, ಸಿಪ್ಪೆ ಮೊದಲೇ ಹೋಗಿರುತ್ತದೆ, ಬೆಂದರೆ ಬೆಣ್ಣೆ. ಹೀಗೆ ಕೊಟ್ಟರೆ ನಾಲಗೆಗೆ ತನ್ನ ಊಟದ ರುಚಿಯೇ ಸಿಗುತ್ತದೆ, ಗಂಟಲಿಗೂ ಕಷ್ಟವಿಲ್ಲ. ಬಾಯಿ ಮುಚ್ಚಿಕೊಂಡು ಕೂತಿದ್ದವರು ಬಸ್ಸಾರಿನ ವಾಸನೆಗೆ ತಲೆ ತಿರುಗಿಸಿದ್ದನ್ನು ನೋಡಿದ್ದೇನೆ.

ಅಂಗಡಿಯ ರಾಗಿ ಮಾಲ್ಟ್ ಪುಡಿ ಬೇಡ. ಡಬ್ಬಿಯ ಹಿಂದೆ ಓದಿ, ಹಲವು ಪುಡಿಗಳಲ್ಲಿ ರಾಗಿಗಿಂತ ಮೊದಲು ಸಕ್ಕರೆಯ ಹೆಸರಿರುತ್ತದೆ. ಸಕ್ಕರೆ ಕಾಯಿಲೆಯವರಿಗೆ ರಾಗಿ ಎಷ್ಟು ಬೇಕಾದರೂ ಕೊಡಬಹುದು ಎಂಬ ಮಾತನ್ನೂ ನಂಬಬೇಡಿ. ಗಂಜಿಯಾದರೆ ಶುಗರ್ ಇನ್ನೂ ಬೇಗ ಏರುತ್ತದೆ. ಬೆಲ್ಲ ಹಾಕದೆ, ಸೊಪ್ಪು ಬೇಳೆ ಜೊತೆಗೆ ಅಳತೆಯಲ್ಲಿ ಕೊಡಿ.

ಇನ್ನು ತಿನ್ನಿಸುವ ಕ್ರಮ. ನೆಟ್ಟಗೆ ಕೂರಿಸಿ, ಬೆನ್ನಿಗೆ ದಿಂಬು ಕೊಡಿ. ತಿನ್ನಿಸುವವರು ಕುರ್ಚಿ ಹಾಕಿಕೊಂಡು ಎದುರಿಗೆ ಕೂರಬೇಕು. ನಿಂತು ತಿನ್ನಿಸಿದರೆ ಕಾಯಿಲೆಯವರು ಕತ್ತು ಮೇಲೆತ್ತುತ್ತಾರೆ, ಕತ್ತು ಮೇಲಾದರೆ ಉಸಿರಿನ ದಾರಿ ತೆರೆದುಕೊಳ್ಳುತ್ತದೆ. ಟೀ ಚಮಚದ ಅರ್ಧದಷ್ಟು ತುತ್ತು, ಬಲವಿರುವ ಕಡೆಯ ಕೆನ್ನೆಗೆ. ಗಂಟಲ ಗಂಟು ಮೇಲೆದ್ದು ಇಳಿದದ್ದನ್ನು ಕಣ್ಣಾರೆ ನೋಡಿದ ಮೇಲೆ ಇನ್ನೊಂದು. ಇಳಿಯಲಿಲ್ಲವೆಂದು ನೀರು ಸುರಿಯಬಾರದು. ಟಿವಿ ಆಫ್ ಮಾಡಿ. ಊಟವಾದ ಮೇಲೆ ಕೆನ್ನೆಯೊಳಗೆ ಉಳಿದದ್ದನ್ನು ತೆಗೆದು, ಮೆತ್ತನೆ ಬ್ರಷ್‌ನಿಂದ ಬಾಯಿ ಸ್ವಚ್ಛ ಮಾಡಿ, ಅರ್ಧ ಗಂಟೆ ಕೂತೇ ಇರಲಿ. ಬಾಯಿಯ ಕೊಳೆ ಎದೆಗಿಳಿದರೆ ನ್ಯುಮೋನಿಯಾ. ಕೆಮ್ಮಲೂ ಆಗದಂತೆ ಸಿಕ್ಕಿಕೊಂಡರೆ ಮುಂದಕ್ಕೆ ಬಾಗಿಸಿ ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಸಲ ಬಲವಾಗಿ ತಟ್ಟಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಇದನ್ನೆಲ್ಲ ಮೂರು ದಿನ ನೀವು ಮಾಡಿ ತೋರಿಸಿ, ಆಮೇಲೆ ಅವರು ಮಾಡುವುದನ್ನು ಕೂತು ನೋಡಿ.

4. ಸ್ನಾನ ಮತ್ತು ಪೂಜೆ

ಮುಟ್ಟುವ ಮೊದಲು ಹೇಳಿ ಮುಟ್ಟಬೇಕು. ಮೈಯೆಲ್ಲ ಬಿಚ್ಚಬಾರದು. ಒರೆಸುವ ಭಾಗ ಮಾತ್ರ ತೆರೆದು, ಉಳಿದದ್ದಕ್ಕೆ ಟವೆಲ್ ಹೊದಿಸಿರಲಿ. ಮುಖ ಮೊದಲು, ಗುಪ್ತಾಂಗ ಕೊನೆಗೆ, ಅದಕ್ಕೆ ನೀರೂ ಬಟ್ಟೆಯೂ ಬೇರೆ. ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ ಒರೆಸಬೇಕು. ನೀರಿಗೆ ಆಂಟಿಸೆಪ್ಟಿಕ್ ದ್ರವ ಸುರಿಯುವ ಅಭ್ಯಾಸ ಬಿಡಿ, ವಯಸ್ಸಾದ ಚರ್ಮ ಒಣಗಿ ಬಿರಿಯುತ್ತದೆ. ತೊಡೆ ಸಂದಿಗೆ ಪೌಡರ್ ಹಾಕಿದರೆ ಬೆವರಿಗೆ ಗಂಟುಕಟ್ಟಿ ಚರ್ಮ ಕೆರೆಯುತ್ತದೆ. ಚೆನ್ನಾಗಿ ಒರೆಸಿ ಒಣಗಿಸುವುದಕ್ಕಿಂತ ಒಳ್ಳೆಯ ಪೌಡರ್ ಇಲ್ಲ.

ತಾಳಿ, ಬಳೆ, ಕೊರಳಿನ ಇಷ್ಟಲಿಂಗ, ಜನಿವಾರ, ತಾಯಿತ ಇವನ್ನು ಮನೆಯವರನ್ನು ಕೇಳದೆ ತೆಗೆಯಬಾರದು. ಸ್ಕ್ಯಾನಿಂಗ್‌ಗೋ ಊತಕ್ಕೋ ತೆಗೆಯಬೇಕಾದರೆ ಎಲ್ಲಿಡಬೇಕೆಂದು ಮೊದಲೇ ಹಾಳೆಯಲ್ಲಿ ಬರೆದಿರಿ. ಸ್ನಾನವಾದ ಮೇಲೆ ವಿಭೂತಿಯೋ ಕುಂಕುಮವೋ ಹಚ್ಚಲು ಒಂದು ನಿಮಿಷ ಸಾಕು. ಅದಿಲ್ಲದೆ ಸ್ನಾನ ಮುಗಿಯಿತು ಅನ್ನಿಸದವರಿಗೆ ಅದು ಔಷಧಿಯಷ್ಟೇ ಮುಖ್ಯ. ಮುಸ್ಲಿಂ ಮನೆಗಳಲ್ಲಿ ಶೌಚಕ್ಕೆ ಒದ್ದೆ ಟಿಶ್ಯೂ ಸಾಲದು, ನೀರೇ ಬೇಕು. ಮಲಗಿದಲ್ಲೇ ನಮಾಜು ಮಾಡುವವರಿಗೆ ಮಂಚವನ್ನು ಕಿಬ್ಲಾ, ಅಂದರೆ ಮೆಕ್ಕಾದ ದಿಕ್ಕಿನ ಕಡೆಗೆ ತಿರುಗಿಸಿ. ಅದು ನಮ್ಮಲ್ಲಿ ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿದಂತೆ ಬರುತ್ತದೆ. ರೋಜಾ ಇರಲಿ, ಏಕಾದಶಿ ಇರಲಿ, ಉಪವಾಸ ಮಾಡುತ್ತೇನೆ ಎಂದರೆ ಹಿಂದಿನ ದಿನವೇ ಡಾಕ್ಟರನ್ನು ಕೇಳಿ ಶುಗರ್ ಮಾತ್ರೆಯ ಹೊತ್ತು ಬದಲಿಸಿಕೊಳ್ಳಿ.

5. ಮಗ್ಗುಲು

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಮೂಳೆ ಒತ್ತುತ್ತದೆ, ಬೆನ್ನಿಗೆ ದಿಂಬು ಕೊಟ್ಟು ಸ್ವಲ್ಪ ಓರೆಯಾಗಿಸಿದರೆ ಸಾಕು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿ ಮತ್ತೆ ಕೆಂಪಾದರೆ ಸರಿ, ಬಿಳಿಚದಿದ್ದರೆ ಹುಣ್ಣು ಶುರುವಾಗಿದೆ. ಅಲ್ಲಿ ಉಜ್ಜಬೇಡಿ, ಸ್ಪಿರಿಟ್ ಹಚ್ಚಬೇಡಿ, ಆ ಮಗ್ಗುಲಿಗೆ ಮಲಗಿಸಲೂ ಬೇಡಿ. ನಡುವೆ ತೂತಿರುವ ರಬ್ಬರ್ ರಿಂಗ್ ತರಲೇಬೇಡಿ, ಸುತ್ತಲಿನ ರಕ್ತದ ಓಟ ನಿಂತು ಹುಣ್ಣು ಹೆಚ್ಚುತ್ತದೆ. ಏರ್ ಬೆಡ್ ಒಳ್ಳೆಯದೇ, ಆದರೆ ಅದರ ಕೆಳಗೆ ಫೋಮ್ ಹಾಸಿಗೆ ಇರಲಿ. ಕರೆಂಟ್ ಹೋಗಿ ಗಾಳಿ ಇಳಿದರೆ ಮನುಷ್ಯ ಬರೀ ಹಲಗೆಯ ಮೇಲೆ ಉಳಿಯುತ್ತಾನೆ.

ಮಗ್ಗುಲು ಬದಲಿಸಿದ ಹೊತ್ತು, ಊಟ, ಮೂತ್ರ, ಮಲ, ಜ್ವರ, ಬಿಪಿ ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಮೊದಲು ಶುರುವಾದ ಗೃಹ ಆರೋಗ್ಯ ಯೋಜನೆಯವರು ಬಿಪಿ, ಶುಗರ್ ನೋಡಲು ಮನೆಗೆ ಬಂದಾಗ ಆ ಪುಸ್ತಕ ತೋರಿಸಿ.

6. ಆರೈಕೆಯವರ ಮರ್ಯಾದೆ

ಏಜೆನ್ಸಿಗೆ ಫೋನ್ ಮಾಡಿ ‘ಯಾವ ಜನ’ ಎಂದು ಕೇಳುವವರು ಇನ್ನೂ ಇದ್ದಾರೆ. ಬಂದವರಿಗೆ ಬೇರೆ ಲೋಟ ಇಡುವ ಮನೆಗಳೂ ಇವೆ. ಇದನ್ನು ಹಿರಿಯರ ಸಂಪ್ರದಾಯ ಎಂದು ಹೇಳಿದರೆ ನಾನು ಒಪ್ಪುವುದಿಲ್ಲ. ಮಡಿ ಬೇಕೆಂದರೆ ಆರೈಕೆಯವರು ಸ್ನಾನ ಮಾಡಿ ಒಗೆದ ಬಟ್ಟೆ ಉಟ್ಟು ಅಡುಗೆಮನೆಗೆ ಬರಲಿ ಎಂದು ಕೇಳಬಹುದು, ಅದನ್ನು ಎಲ್ಲರೂ ಪಾಲಿಸಬಹುದು. ಹುಟ್ಟಿನ ಮೇಲೆ ದೂರ ಇಡುವುದು ಅಸ್ಪೃಶ್ಯತೆ, ಕಾನೂನಿನಲ್ಲಿ ಅಪರಾಧ. ನಿಮ್ಮ ತಾಯಿಯ ಮಲ ತೊಳೆಯುವ ಕೈ ನಿಮ್ಮ ಲೋಟ ಮುಟ್ಟಬಾರದು ಎಂದರೆ ಆ ಕೈಯಿಂದ ಮಮತೆ ಎಲ್ಲಿಂದ ಬರಬೇಕು? ಹಿರಿಯರೇ ಜಾತಿ ಎತ್ತಿ ಬೈದರೆ ಮನೆಯವರು ಮಧ್ಯೆ ಬಂದು ತಡೆಯಬೇಕು, ವಯಸ್ಸಾಯಿತೆಂದು ಬಿಡಬಾರದು. ಆರೈಕೆಯವರೇ ಹಿರಿಯರನ್ನು ಗದರಿಸುವುದು, ಕೈ ಮಾಡುವುದು ಕಂಡರೆ ಆ ದಿನವೇ ಕಳಿಸಿ. ಸಲಹೆ, ಸಹಾಯ ಬೇಕಾದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.

ಹಾಯಾಗಿ ಮಲಗಲು ಜಾಗ, ಹೊತ್ತಿಗೆ ಊಟ, ವಾರಕ್ಕೊಂದು ದಿನ ರಜೆ ಕೊಡಿ. ರಾಯಚೂರು ಕಡೆಯವರಾದರೆ ಅವರಿಗೂ ಮುದ್ದೆ ಹಿಡಿಸದಿರಬಹುದು, ರೊಟ್ಟಿ ಬಡಿದುಕೊಳ್ಳಲು ಜೋಳದ ಹಿಟ್ಟು ತಂದಿಡಿ. ರಜೆಯ ದಿನಕ್ಕೆ ಬದಲಿಗೆ ಬರುವವರನ್ನು ಹಿಂದಿನ ಸಂಜೆಯೇ ಕರೆಸಿ, ಬೀರುವಿನ ಹಾಳೆ ಓದಿಸಿ. ರಾತ್ರಿಯ ಊಟವನ್ನು ಹಳಬರು ತಿನ್ನಿಸುವಾಗ ಪಕ್ಕದಲ್ಲಿ ಕೂರಿಸಿ, ಕೊನೆಯ ನಾಲ್ಕೈದು ಚಮಚ ಹೊಸಬರ ಕೈಯಿಂದ ಕೊಡಿಸಿ.