ಎಲೆ ಯಾವ ಹೊತ್ತಿಗೆ ಬಾಡಿತು ನೋಡಿ, ಆಮೇಲೆ ನೀರು ಹಾಕಿ

ಗಿಡ ಬಾಡಿದೆ ಎಂದು ಫೋಟೋ ಕಳಿಸುವವರಿಗೆ ನಾನು ಮೊದಲು ಕೇಳುವುದು ಒಂದೇ: ಫೋಟೋ ತೆಗೆದದ್ದು ಎಷ್ಟು ಗಂಟೆಗೆ? ಉಡುಪಿ ಜಿಲ್ಲೆಯ ಕಟಪಾಡಿಯ ಹತ್ತಿರ ತರಕಾರಿ ಸಸಿ, ಮಲ್ಲಿಗೆ ಗಿಡ ಮಾಡಿ ಮಾರುವುದು ನನ್ನ ಕೆಲಸ. ಕೊಂಡುಹೋಗುವವರಲ್ಲಿ ಮಂಗಳೂರಿನ ಕದ್ರಿ, ಬಿಜೈ ಕಡೆಯ ಫ್ಲ್ಯಾಟಿನವರೂ ಇದ್ದಾರೆ, ಮಲ್ಪೆಯ ಕಡಲ ಬದಿಯವರೂ ಇದ್ದಾರೆ. ಒಂದೇ ಮಡಿಯ ಬದನೆ ಸಸಿ ಒಬ್ಬರ ಟೆರೇಸಿನಲ್ಲಿ ಕಾಯಿ ಬಿಡುತ್ತದೆ, ಇನ್ನೊಬ್ಬರ ಬಾಲ್ಕನಿಯಲ್ಲಿ ಸೊರಗುತ್ತದೆ. ಜಾಗ, ಬಿಸಿಲು, ಗಾಳಿ ಬದಲಾದಾಗ ಗಿಡ ತನ್ನೊಳಗೆ ಎಷ್ಟೋ ಸಂಗತಿಗಳನ್ನು ಹೊಂದಿಸಿಕೊಳ್ಳಬೇಕು. ಅದಕ್ಕೆ ಕಾಲ ಬೇಕು. ಆ ಕಾಲದಲ್ಲೇ ನಾವು ಗಾಬರಿಯಾಗಿ ನೀರು, ಗೊಬ್ಬರ ಎಲ್ಲ ಒಟ್ಟಿಗೆ ಸುರಿದುಬಿಡುತ್ತೇವೆ.

ಮಧ್ಯಾಹ್ನ ಬಾಡಿದರೆ

ಹೀರೆ, ಸೌತೆ, ಬದನೆಯಂಥ ಅಗಲ ಎಲೆಯ ಗಿಡ ಏಪ್ರಿಲ್ ಬಿಸಿಲಿಗೆ ಎರಡು ಗಂಟೆಯ ಹೊತ್ತಿಗೆ ಜೋತು ಬೀಳುವುದು ಸಹಜ. ಎಲೆಯಲ್ಲಿ, ಅದರಲ್ಲೂ ಅಡಿಭಾಗದಲ್ಲಿ, ಕಣ್ಣಿಗೆ ಕಾಣದ ಪತ್ರರಂಧ್ರಗಳಿವೆ. ಒಂದೊಂದಕ್ಕೂ ಎರಡೆರಡು ಕಾವಲು ಕೋಶ. ಬೆಳಕು ಬಿದ್ದಾಗ ಪೊಟ್ಯಾಸಿಯಂ ಅವುಗಳ ಒಳಗೆ ಸೇರುತ್ತದೆ, ಅದರ ಹಿಂದೆಯೇ ನೀರು ನುಗ್ಗುತ್ತದೆ, ಕೋಶ ಉಬ್ಬಿ ರಂಧ್ರ ತೆರೆಯುತ್ತದೆ. ಇಂಗಾಲದ ಡೈಆಕ್ಸೈಡ್ ಒಳಗೆ ಬರುತ್ತದೆ, ನೀರಾವಿ ಹೊರಗೆ ಹೋಗುತ್ತದೆ. ಬೇರು ಹೀರಿದ ನೀರಿನಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಹೀಗೆ ಆವಿಯಾಗಿಯೇ ಹೋಗುವುದು. ಎಲೆ ತಂಪಾಗಿರುವುದೂ ಅದರಿಂದಲೇ. ನಡುಹಗಲಿನಲ್ಲಿ ಬೇರು ತಂದುಕೊಡುವುದಕ್ಕಿಂತ ಎಲೆ ಬಿಟ್ಟುಕೊಡುವುದು ಜಾಸ್ತಿ, ಹಾಗಾಗಿ ಜೋತು ಬೀಳುತ್ತದೆ. ಸಂಜೆ ಆರಕ್ಕೆ ಹೋಗಿ ನೋಡಿ. ಎದ್ದು ನಿಂತಿದ್ದರೆ ಏನೂ ಮಾಡಬೇಡಿ.

ಬೆಳಿಗ್ಗೆ ಆರಕ್ಕೂ ಬಾಡಿಯೇ ಇದ್ದರೆ ವಿಷಯ ಬೇರೆ. ರಾತ್ರಿಯಿಡೀ ಸಿಕ್ಕಿದರೂ ಬೇರಿಗೆ ನೀರು ತುಂಬಿಸಿಕೊಳ್ಳಲು ಆಗಿಲ್ಲ ಎಂದರ್ಥ. ಆಗ ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ಒಣಗಿದ್ದರೆ ನಿಧಾನವಾಗಿ ನೀರು ಕೊಡಿ. ಒಣ ಮಣ್ಣಿನಲ್ಲಿ ಗಿಡ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಮಾಡಿ ರಂಧ್ರ ಮುಚ್ಚಿಕೊಂಡಿರುತ್ತದೆ. ನೀರು ಸಿಕ್ಕಿದ ಕೂಡಲೇ ಅದು ಕರಗಿ ಹೋಗುವುದಿಲ್ಲ, ಬೆಳವಣಿಗೆ ಮತ್ತೆ ಹಿಡಿಯಲು ಸಮಯ ಬೇಕು. ಗೊಬ್ಬರ ಮಾತ್ರ ಆ ವಾರ ಬೇಡ. ಬಾಯಾರಿದ ಬೇರಿನ ಹತ್ತಿರ ಲವಣ ಸುರಿದರೆ ನೀರು ಇನ್ನಷ್ಟು ದೂರವಾಗುತ್ತದೆ.

ಮಣ್ಣು ಒದ್ದೆ ಇದ್ದೂ ಬಾಡಿದೆ ಎಂದಾದರೆ ಮುಂದೆ ಓದಿ. ನಮ್ಮ ಕರಾವಳಿಯ ಅಸಲು ತೊಂದರೆ ಅದೇ.

ಮಳೆಗಾಲದಲ್ಲಿ ಬಾಡಿದರೆ

ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ನಮ್ಮಲ್ಲಿ ಗಿಡ ಸಾಯುವುದು ನೀರು ಹೆಚ್ಚಾಗಿ, ಉಸಿರು ಕಟ್ಟಿ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10 ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಗಿಡ ನೆಟ್ಟ ಪ್ಲಾಸ್ಟಿಕ್ ತೊಟ್ಟೆಯ (ಚೀಲದ) ತೂತು ಮುಚ್ಚಿ ಮಣ್ಣಿನ ಸಂದುಗಳಲ್ಲಿ ನೀರು ನಿಂತಿತೆಂದರೆ, ಅಲ್ಲಿದ್ದ ಆಮ್ಲಜನಕವನ್ನು ಬೇರು ಮತ್ತು ಸೂಕ್ಷ್ಮಜೀವಿಗಳು ಬೇಗ ಮುಗಿಸಿಬಿಡುತ್ತವೆ. ಆಮೇಲೆ ಬೇರು ಹುದುಗುವಿಕೆಗೆ, ಅಂದರೆ ಆಮ್ಲಜನಕ ಇಲ್ಲದೆ ಸಕ್ಕರೆ ಒಡೆಯುವುದಕ್ಕೆ, ಇಳಿಯುತ್ತದೆ. ಒಂದು ಗ್ಲೂಕೋಸ್ ಅಣುವಿನಿಂದ ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಸುಮಾರು 30 ಸಿಗುತ್ತಿದ್ದ ಕಡೆ ಬರೀ 2 ಸಿಗುತ್ತದೆ. ಕೋಶದ ಒಳಗೆ ಆಮ್ಲ ಏರಿ, ನೀರು ದಾಟಿಸುವ ಅಕ್ವಾಪೊರಿನ್ ಎಂಬ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಸುತ್ತ ನೀರೇ ಇದ್ದರೂ ಹೀರಲಾಗದೆ ಎಲೆ ಬಾಡುತ್ತದೆ. ಅದನ್ನು ನೋಡಿ ಇನ್ನೊಂದು ಚೊಂಬು ನೀರು ಹಾಕುವವರು ಇದ್ದಾರೆ. ದಯವಿಟ್ಟು ಬೇಡ.

ಟೊಮೆಟೊ ಗಿಡ ಇದನ್ನು ಎಲ್ಲಕ್ಕಿಂತ ಮೊದಲು ತೋರಿಸುತ್ತದೆ. ನೀರು ನಿಂತ ಒಂದೆರಡು ದಿನದಲ್ಲಿ ಎಲೆತೊಟ್ಟಿನ ಬುಡ ನೋಡಿ: ಕಾಂಡದಿಂದ ಮೇಲಕ್ಕೆ ಓರೆಯಾಗಿ ನಿಲ್ಲಬೇಕಾದ ತೊಟ್ಟು ಕೆಳಕ್ಕೆ ಬಾಗಿರುತ್ತದೆ. ಮುಟ್ಟಿದರೆ ಎಲೆ ಇನ್ನೂ ಬಿರುಸಾಗಿಯೇ ಇರುತ್ತದೆ, ಬಾಡಿದ ಎಲೆಯ ಹಾಗೆ ಮೆತ್ತಗೆ ಇರುವುದಿಲ್ಲ. ಉಸಿರು ಕಟ್ಟಿದ ಬೇರು ಎಥಿಲೀನ್ ಎಂಬ ಅನಿಲರೂಪದ ಹಾರ್ಮೋನಿನ ಮೂಲವಸ್ತುವನ್ನು ಮೇಲಕ್ಕೆ ಕಳಿಸುತ್ತದೆ. ಅದು ಎಲೆಯ ಬಳಿ ಆಮ್ಲಜನಕ ಸಿಕ್ಕಿ ಎಥಿಲೀನ್ ಆಗುತ್ತದೆ, ತೊಟ್ಟಿನ ಮೇಲ್ಭಾಗದ ಕೋಶಗಳು ಅಡಿಭಾಗಕ್ಕಿಂತ ಉದ್ದ ಬೆಳೆಯುತ್ತವೆ, ತೊಟ್ಟು ಬಾಗುತ್ತದೆ. ಈ ಹಂತದಲ್ಲಿ ಹಿಡಿದರೆ ಗಿಡ ಉಳಿಯುತ್ತದೆ.

ಮಾಡಬೇಕಾದ್ದು ಇಷ್ಟು. ಕುಂಡವನ್ನು ಓರೆ ಮಾಡಿ ನೀರು ಇಳಿಸಿ, ಎರಡು ಮುರಕಲ್ಲಿನ (ಕೆಂಪುಕಲ್ಲಿನ) ಚೂರಿನ ಮೇಲೆ ಎತ್ತಿ ಇಡಿ. ಕೆಳಗಿನ ತಟ್ಟೆಯನ್ನು ಮೇ ಕೊನೆಗೇ ತೆಗೆದುಬಿಡಿ. ಮೇಲಿನ ಒಂದಂಗುಲ ಮಣ್ಣನ್ನು ಕಡ್ಡಿಯಿಂದ ಸಡಿಲಿಸಿ. ಕಾಂಡದ ಬುಡದಲ್ಲಿ ಬಿಳಿ ಗುಬುಟುಗಳು ಕಂಡರೆ ಕೆರೆದು ಹಾಕಬೇಡಿ, ಗಾಳಿಗೆ ಹತ್ತಿರವಾಗಿ ಹೊಸ ಬೇರು ಹೊರಡುತ್ತಿದೆ. ಅಲ್ಲಿಗೆ ಸುಡುಮಣ್ಣು, ಅಂದರೆ ಸುಟ್ಟ ಮಣ್ಣು, ಸ್ವಲ್ಪ ಏರಿಸಿ. ಮುಂದಿನ ವರ್ಷಕ್ಕೆ ಮಣ್ಣಿನ ಮಿಶ್ರಣ ಮಾಡುವಾಗ ಒಂದು ಪಾಲು ಸುಡುಮಣ್ಣು, ಒಂದು ಪಾಲು ಮರಳು ಸೇರಿಸಿಯೇ ಮಾಡಿ. ಬರೀ ಕೋಕೋಪೀಟ್ ಬಯಲುಸೀಮೆಯ ಒಣ ಹವೆಗೆ ಸರಿ ಹೋಗಬಹುದು, ನಮ್ಮ ಜುಲೈಗೆ ನಾನು ಒಪ್ಪುವುದಿಲ್ಲ. ಭತ್ತ ಅದೇ ನೀರಿನಲ್ಲಿ ಸುಖವಾಗಿರುವುದು ಅದರ ಬೇರಿನೊಳಗೆ ಎಲೆಯಿಂದ ಇಳಿದು ಬರುವ ಗಾಳಿಯ ಕೊಳವೆಗಳು ಇರುವುದರಿಂದ. ಮೆಣಸು, ಬದನೆಗೆ ಅಂಥ ಅನುಕೂಲ ಇಲ್ಲ. ಉಡುಪಿ ಬಳಿಯ ಮಟ್ಟು ಊರಿನವರು ಗುಳ್ಳ ಬದನೆಯನ್ನು ಮಳೆ ಇಳಿದ ಮೇಲೆ ಏರು ಸಾಲಿನಲ್ಲಿ ನೆಡುವುದರ ಹಿಂದೆ ಈ ತಿಳಿವು ಇದೆ.

ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಇನ್ನೊಂದು ಕೇಳಿಬರುವುದು: ಎಳೆ ಎಲೆಯ ತುದಿ ಸುಟ್ಟು ಮುದುಡಿದೆ, ಟೊಮೆಟೊ ಕಾಯಿಯ ಅಡಿ ಕಪ್ಪಾಗಿದೆ, ಸುಣ್ಣ ಹಾಕಲೇ ಎಂದು. ಸುಣ್ಣದಲ್ಲಿರುವ ಕ್ಯಾಲ್ಸಿಯಂ ಗಿಡದೊಳಗೆ ಆವಿಯಾಗುವ ನೀರಿನ ಜೊತೆಯಲ್ಲೇ ಮೇಲೇರುವುದು. ಗಾಳಿಯಲ್ಲಿ ತೇವ ತುಂಬಿದ್ದಾಗ ಆವಿಯೇ ಹೋಗುವುದಿಲ್ಲ. ಬೆಳಿಗ್ಗೆ ಕೆಸುವಿನ ಎಲೆಯ ತುದಿಯಲ್ಲಿ ಹನಿ ತೊಟ್ಟಿಕ್ಕುವುದನ್ನು ನೋಡಿದ್ದೀರಲ್ಲ, ಹೆಚ್ಚಾದ ನೀರನ್ನು ಬೇರಿನ ಒತ್ತಡವೇ ಹೊರದೂಡುತ್ತಿರುತ್ತದೆ. ಇಂಥ ಹೊತ್ತಿಗೆ ಮಣ್ಣಿನಲ್ಲಿ ಸುಣ್ಣ ಇದ್ದರೂ ಎಳೆ ತುದಿಗೆ ಸಾಲದು. ಕುಂಡಗಳ ನಡುವೆ ಒಂದು ಗೇಣು ಜಾಗ ಬಿಟ್ಟು ಗಾಳಿ ಆಡಲು ಬಿಡಿ, ಕೆಳಗಿನ ಹಳೆ ಎಲೆ ತೆಗೆಯಿರಿ.

ನೆರಳಿನಿಂದ ಬಿಸಿಲಿಗೆ

ನೆರಳಿನಲ್ಲಿ ಹುಟ್ಟಿದ ಎಲೆ ತೆಳ್ಳಗೆ, ಅಗಲ, ಕಡು ಹಸಿರು. ಬಿಸಿಲಿನಲ್ಲಿ ಹುಟ್ಟಿದ್ದು ದಪ್ಪ, ಸಣ್ಣ. ಬೆಳೆದು ನಿಂತ ಎಲೆ ತನ್ನ ದಪ್ಪವನ್ನು ಬದಲಿಸಲಾರದು. ಸೆಪ್ಟೆಂಬರ್ ಕೊನೆಗೆ ಮೋಡ ಹರಿದು ಒಮ್ಮೆಲೇ ಬಿಸಿಲು ಬಿದ್ದಾಗ, ಮಾಡಿನ ಅಡಿಯಲ್ಲಿದ್ದ ಗಿಡವನ್ನು ಹೊರಗಿಟ್ಟರೆ ಎಲೆಯ ಮೇಲೆ ಬೂದು ಬಿಳಿ ಕಲೆ ಬೀಳುವುದು ಅದಕ್ಕೇ. ತಾಳಿಕೊಳ್ಳಲಾರದಷ್ಟು ಬೆಳಕು ಹಸಿರು ಯಂತ್ರವನ್ನೇ ಕೆಡಿಸಿರುತ್ತದೆ. ರೋಗ ಎಂದು ಔಷಧ ಹೊಡೆಯಬೇಡಿ.

ಮೊದಲ ವಾರ ಬೆಳಿಗ್ಗೆ ಒಂಬತ್ತರವರೆಗಿನ ಬಿಸಿಲು ಸಾಕು. ಎರಡನೇ ವಾರ ಹನ್ನೊಂದರವರೆಗೆ. ತುದಿಯಲ್ಲಿ ಹೊಸ ಎಲೆ ಬಂದು ಬಲಿತ ಮೇಲೆ ದಿನವಿಡೀ ಬಿಡಿ. ಅಲ್ಲಿಯವರೆಗೆ ಹಳೆ ಎಲೆ ಉದುರಿದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಮಾವು, ದಾಲ್ಚಿನ್ನಿಯ ಚಿಗುರು ಕೆಂಪಗಿರುವುದು ನೋಡಿ: ಹಸಿರು ಬಲಿಯುವವರೆಗೆ ಆ ಕೆಂಪು ಬಣ್ಣ ಎಲೆಗೆ ಕೊಡೆ ಹಿಡಿದ ಹಾಗೆ. ಅಡಿಕೆಗೂ ಇದೇ ಚಿಂತೆ. ಮಳೆ ಕಳೆದು ಸೂರ್ಯ ದಕ್ಷಿಣಕ್ಕೆ ಸರಿದಾಗ ನೈಋತ್ಯದ ಬದಿಯ ಕಾಂಡ ಸುಟ್ಟು ಮುಂದೆ ಅಲ್ಲೇ ಸೀಳು ಬಿಡುತ್ತದೆ. ಎಳೆ ಮರಕ್ಕೆ ಆ ಬದಿಗೆ ಸೋಗೆ ಕಟ್ಟಿ.

ಬಿಸಿಲು ಸಾಲದೆ ಕಡ್ಡಿಯಂತೆ ಉದ್ದ ಬೆಳೆಯುವ ಸಸಿಗಳಿಗೆ ನಾನು ಮಾಡುವ ಒಂದು ಕೆಲಸ ಹೇಳುತ್ತೇನೆ. ಮಳೆಗೆ ಮಾಡಿನ ಅಡಿಯಲ್ಲಿ ಇಟ್ಟ ಟ್ರೇಗಳ ಮೇಲೆ ಬೆಳಿಗ್ಗೆ, ಸಂಜೆ ಅಂಗೈಯನ್ನು ಹಗುರಾಗಿ ಸವರುತ್ತಾ ಹೋಗುತ್ತೇನೆ, ತುದಿಗಳು ಬಾಗಿ ಏಳುವಷ್ಟು ಮಾತ್ರ. ಗಾಳಿಯಲ್ಲಿ ಅಲುಗಾಡಿದ ಗಿಡ ಕುಳ್ಳಗೆ, ದಪ್ಪ ಕಾಂಡ ಬೆಳೆಸುತ್ತದೆ. ಕೈಯ ಸ್ಪರ್ಶಕ್ಕೂ ಅದೇ ಉತ್ತರ ಕೊಡುತ್ತದೆ. ಎಲೆ ಒದ್ದೆ ಇದ್ದಾಗ ಮಾತ್ರ ಮಾಡಬಾರದು, ರೋಗ ಹರಡುತ್ತದೆ.

ಮಲ್ಲಿಗೆಯ ಮಾತು ಚಿಕ್ಕದು. ಬರೀ ಎಲೆ ಬರುತ್ತಿದ್ದರೆ ಬಿಸಿಲು ಸಾಲದು. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಇಲ್ಲದ ಬಾಲ್ಕನಿಗೆ ನಾನು ಮಲ್ಲಿಗೆ ಗಿಡ ಕೊಡುವುದಿಲ್ಲ.

ಸೇವಂತಿಗೆಯದ್ದು ಬೇರೆಯೇ ಕತೆ. ಅದಕ್ಕೆ ಉದ್ದದ, ಕತ್ತಲೆಯ ರಾತ್ರಿ ಬೇಕು. ಉಡುಪಿಯಲ್ಲಿ ಜೂನ್ ತಿಂಗಳ ಹಗಲು ಡಿಸೆಂಬರಿನದಕ್ಕಿಂತ ಸುಮಾರು ಒಂದೂವರೆ ಗಂಟೆ ದೊಡ್ಡದು, ಅಷ್ಟು ವ್ಯತ್ಯಾಸವನ್ನೂ ಗಿಡ ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ಬೆಳಕು ಗ್ರಹಿಸುವ ವಸ್ತುವಿನಿಂದ ಗುರುತಿಸುತ್ತದೆ. ಗೇಟಿನ ಎಲ್‌ಇಡಿ ದೀಪದ ಅಡಿಯಲ್ಲಿ ಇಟ್ಟರೆ ಮೊಗ್ಗು ಬಾರದೆ ಎಲೆಯಲ್ಲೇ ನಿಲ್ಲುತ್ತದೆ. ಕುಂಡ ಹಿತ್ತಲಿಗೆ ಸಾಗಿಸಿ.

ಉಪ್ಪು

ಕಡಲ ಬದಿಯವರು ಏಪ್ರಿಲ್, ಮೇ ತಿಂಗಳಲ್ಲಿ ಬಾವಿ ನೀರನ್ನು ನಾಲಿಗೆಗೆ ಹಚ್ಚಿ ನೋಡಿ. ಸಪ್ಪೆ ಹೋಗಿ ಉಪ್ಪು ತಾಗಿದರೆ ಗಿಡಕ್ಕೂ ತಾಗಿದೆ. ಉಪ್ಪು ಮೊದಲು ಬೇರಿಗೆ ನೀರು ಸಿಗದಂತೆ ಮಾಡುತ್ತದೆ, ಆಮೇಲೆ ಸೋಡಿಯಂ, ಕ್ಲೋರೈಡ್ ಹಳೆ ಎಲೆಗಳಲ್ಲಿ ಸೇರಿ ಅಂಚಿನಿಂದ ಒಳಕ್ಕೆ ಒಣಗಿಸುತ್ತವೆ. ಅಂಚು ಸುಟ್ಟದ್ದು ಹಳೆ ಎಲೆಯಾದರೆ ಉಪ್ಪನ್ನು ಅನುಮಾನಿಸಿ, ಎಳೆ ಎಲೆಯಾದರೆ ಮೇಲೆ ಹೇಳಿದ ಕ್ಯಾಲ್ಸಿಯಂ. ಉಪ್ಪು ನೀರನ್ನು ಎಲೆಯ ಮೇಲೆ ಚಿಮುಕಿಸಬೇಡಿ. ಬುಡಕ್ಕೆ ತರಗೆಲೆ ದಪ್ಪಗೆ ಹೊದೆಸಿ, ಮೇಲ್ಮಣ್ಣು ಒಣಗಿದಷ್ಟೂ ಉಪ್ಪು ಮೇಲೇರುತ್ತದೆ. ವಾರಕ್ಕೊಮ್ಮೆಯಾದರೂ ನಳ್ಳಿಯ ಸಿಹಿನೀರನ್ನು ತೂತಿನಿಂದ ಚೆನ್ನಾಗಿ ಹರಿದು ಹೋಗುವಷ್ಟು ಕೊಡಿ, ದಿನಾ ಸ್ವಲ್ಪಸ್ವಲ್ಪ ಕೊಟ್ಟರೆ ಉಪ್ಪು ಕುಂಡದಲ್ಲೇ ಉಳಿಯುತ್ತದೆ. ಮೊದಲ ಒಂದೆರಡು ಜೋರು ಮಳೆಗೆ ಕುಂಡಗಳನ್ನು ಅಂಗಳದಲ್ಲೇ ಬಿಟ್ಟು ತೊಳೆದುಹೋಗಲು ಬಿಡಿ, ಆಮೇಲೆ ಬೇಕಾದವನ್ನು ಮಾಡಿನ ಅಡಿಗೆ ತನ್ನಿ.